ಬೇಸಿಗೆಯಲ್ಲಿ ಕಂಬಳಿ ಹೊದ್ದವಳು

ರೋಗ ಬಂದವರು ಸೊರಗಬೇಕು ಎಂದು ನಮ್ಮ ಕಡೆ ನಂಬಿಕೆ. ಕೆನ್ನೆ ಒಳಗೆ ಹೋಗಬೇಕು, ಕಾಲು ಕಡ್ಡಿಯಾಗಬೇಕು, ನೋಡಲು ಬಂದವರು ಸೆರಗು ಬಾಯಿಗೆ ಹಿಡಿದುಕೊಳ್ಳಬೇಕು. ನನಗೆ ರೋಗ ಬಂದಾಗ ನಾನು ಉಬ್ಬಿದೆ. ಹಾಗಾಗಿ ಒಂದು ವರ್ಷ ಯಾರೂ ನಂಬಲಿಲ್ಲ. ನಂಬದವರಲ್ಲಿ ನಾನೇ ಮೊದಲನೆಯವಳು.

ನಮ್ಮ ಊರು ಆದೋನಿಯ ಕಡೆ, ಪೆದ್ದಕಡುಬೂರಿಗೆ ನಡೆದು ಹೋಗುವಷ್ಟು ದೂರ. ಮನೆಯಲ್ಲಿ ನಾವು ನಾಲ್ಕು ಜನ ಮತ್ತು ಕುರಿಗಳು. ನನ್ನ ಗಂಡ, ಆತನ ಹೆಸರು ನಾನು ಹೇಳುವುದಿಲ್ಲ, ನಮ್ಮಾತ ಎಂದೇ ಬರೆಯುತ್ತೇನೆ. ಮಗ ಬೀರಪ್ಪ. ಸೊಸೆ ಸುಂಕಮ್ಮ. ನಮ್ಮಾತ ಮತ್ತು ಬೀರಪ್ಪ ಬೆಳಿಗ್ಗೆ ದೊಡ್ಡ ಕುರಿಗಳನ್ನು ಹೊಡೆದುಕೊಂಡು ಮೇಯಿಸಲು ಹೋಗುತ್ತಾರೆ. ಎಳೆ ಮರಿಗಳು ಮನೆಯಲ್ಲಿ ಉಳಿಯುತ್ತವೆ, ಅವುಗಳ ಕೆಲಸ ನನ್ನದು. ದೊಡ್ಡ ಬಿದಿರ ಬುಟ್ಟಿ ಬೋರಲು ಹಾಕಿ ಅದರ ಕೆಳಗೆ ಮರಿಗಳನ್ನು ಕೂಡಿಹಾಕಬೇಕು, ಬೇವಿನ ಮರದ ನೆರಳು ಸರಿದ ಹಾಗೆ ಬುಟ್ಟಿಯನ್ನೂ ಸರಿಸುತ್ತಿರಬೇಕು. ಸಂಜೆ ಮಂದೆ ಬಂದಾಗ ಒಂದೊಂದು ತಾಯಿಯನ್ನು ಹೆಸರು ಹಿಡಿದು ಕೂಗಿ ಅದರ ಮರಿಯನ್ನು ಅದಕ್ಕೇ ಬಿಡಬೇಕು. ನನ್ನ ಕೂಗಿಗೆ ಕುರಿ ಬಂದಷ್ಟು ಬೇಗ ನನ್ನ ಮಗ ಎಂದೂ ಬಂದಿಲ್ಲ.

ಮೊದಲು ಕೆಟ್ಟದ್ದು ನಿದ್ದೆ. ಬರಲಿಲ್ಲ ಎಂದಲ್ಲ, ಬಂದದ್ದು ಹೋಗಲಿಲ್ಲ. ಮದುವೆಯಾದಾಗಿನಿಂದ ನಾನು ಕೋಳಿಗಿಂತ ಮುಂಚೆ ಏಳುವವಳು. ಆಮೇಲೆ ಕೋಳಿ ಕೂಗಿದ ಮೇಲೆ ಎದ್ದೆ. ಆಮೇಲೆ ಸುಂಕಮ್ಮ ಕೊಡ ಇಳಿಸಿದ ಸದ್ದಿಗೆ ಎದ್ದೆ. ಕೊನೆಗೆ ಅವಳು ಭುಜ ಹಿಡಿದು ಅಲ್ಲಾಡಿಸಿದರೆ ಎದ್ದೆ. ಎದ್ದ ಮೇಲೂ ರಾತ್ರಿಯೆಲ್ಲ ಮೂಟೆ ಹೊತ್ತವಳ ಹಾಗೆ ದಣಿವು. ಮಲಗಿ ದಣಿಯುವುದು ಯಾವ ನ್ಯಾಯ ಎಂದು ನನ್ನನ್ನೇ ಬೈದುಕೊಂಡೆ.

ಅಂಗಳ ಅರ್ಧ ಗುಡಿಸಿ ಕಟ್ಟೆಯ ಕಲ್ಲಿನ ಮೇಲೆ ಕೂರತೊಡಗಿದೆ. ಆ ಕಲ್ಲು ನಾನು ಸೊಸೆಯಾಗಿ ಬಂದಾಗಿನಿಂದ ಅಲ್ಲಿತ್ತು. ಅದರ ಮೇಲೆ ಕೂತರೆ ಪಕ್ಕದ ಮನೆ ಲಚ್ಚಮ್ಮನ ಒಲೆ ಕಾಣುತ್ತದೆ ಎಂಬುದು ಆ ವರ್ಷವೇ ನನಗೆ ಗೊತ್ತಾಯಿತು. ಲಚ್ಚಮ್ಮನಿಗೂ ನಾನು ಕಾಣುತ್ತಿದ್ದೆ.

“ಏಮಕ್ಕಾ, ಕೋಡಲು ನೀಕು ಬಾಗಾ ಪೆಡ್ತಾ ಉಂದಿ,” ಎಂದಳು ಒಂದು ದಿನ. ಅವಳದು ತೆಲುಗು ಮನೆ. ಸೊಸೆ ನಿನಗೆ ಚೆನ್ನಾಗಿ ಬಡಿಸುತ್ತಿದ್ದಾಳೆ ಎಂದು ಅದರ ಅರ್ಥ.

ನಾನು ಉಣ್ಣುತ್ತಿದ್ದದ್ದು ಅರ್ಧ ರೊಟ್ಟಿ. ಅರ್ಧ ರೊಟ್ಟಿಗೆ ಮುಖ ಹುಣ್ಣಿಮೆಯಾಗಿತ್ತು. ಆದೋನಿಗೆ ಬಳೆ ತೊಡಲು ಹೋದಾಗ ಬಳೆಗಾರ ನನ್ನ ಕೈಯನ್ನು ಹಿಂಡಿ ಹಿಂಡಿ ಸೋತು, “ಅವ್ವಾ, ಇಂಥಾ ದಪ್ಪ ಕೈ ಮದುವಿ ಅಡಿಗಿ ಮಾಡೋ ಭಟ್ರಿಗೂ ಇರಂಗಿಲ್ಲ,” ಎಂದು ಬೇರೆ ಕಟ್ಟು ಬಿಚ್ಚಿದ. ಊರಲ್ಲಿ ಸುಂಕಮ್ಮನಿಗೆ ಒಳ್ಳೆಯ ಹೆಸರು ಬಂತು. ಅತ್ತೆಯನ್ನು ಹೀಗೆ ಸಾಕುವ ಸೊಸೆ ಯಾರಿಗೆ ಸಿಗುತ್ತಾಳೆ ಎಂದರು. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳು, ಅಲ್ಲ ಎನ್ನಲಿಲ್ಲ.

ದನಿಯೂ ಹೋಯಿತು. ಒಡೆಯಲಿಲ್ಲ, ಇಳಿಯಿತು. ಒಂದು ದಿನ ಒಳಗಿನಿಂದ ಯಾರನ್ನೋ ಬೈಯುತ್ತಿದ್ದೆ. ಲಚ್ಚಮ್ಮನ ಗಂಡ ಬಾಗಿಲಲ್ಲಿ ನಿಂತು, “ಮಾಮಾ, ಈವತ್ತು ಕುರಿ ಹೊಡಕೊಂಡು ಹೋಗಲಿಲ್ಲೇನು?” ಎಂದು ಕೇಳಿದ. ಒಳಗಿರುವುದು ನಮ್ಮಾತ ಎಂದುಕೊಂಡಿದ್ದ. ನಾನು ಹೊರಗೆ ಬಂದೆ. ಅವನು ಎರಡು ಹೆಜ್ಜೆ ಹಿಂದೆ ಸರಿದ.

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡಿಹೋಗುತ್ತದೆ ಎನ್ನುತ್ತಾರೆ. ನನ್ನ ಚಳಿಗೆ ಆ ಸುದ್ದಿ ಮುಟ್ಟಲಿಲ್ಲ. ಊರೆಲ್ಲ ಕಂಬಳಿ ಮಡಿಚಿ ಅಟ್ಟಕ್ಕೆ ಹಾಕಿದರು, ನಾನು ಹೊದ್ದೇ ಇದ್ದೆ. ನಮ್ಮ ಬೇಸಿಗೆ ಬಲ್ಲವರಿಗೆ ನಾನು ಹೇಳಬೇಕಾಗಿಲ್ಲ. ನಾಯಿ ನೆರಳಿನಿಂದ ನೆರಳಿಗೆ ನಾಲಿಗೆ ಚಾಚಿಕೊಂಡು ಓಡುವ ಹೊತ್ತಿನಲ್ಲಿ ನಾನು ಕರಿ ಕಂಬಳಿಯಲ್ಲಿ ಮುದುಡಿ ಕೂತಿರುತ್ತಿದ್ದೆ. ಆದೋನಿಯ ಒಬ್ಬ ಡಾಕ್ಟರು ನೋಡಿ, ನಿಶ್ಶಕ್ತಿ ಎಂದು ಕೆಂಪು ನೀರಿನ ಬಾಟಲಿ ಕೊಟ್ಟರು. ಕುಡಿದೆ. ಇನ್ನಷ್ಟು ಉಬ್ಬಿದೆ. ಸುಂಕಮ್ಮನ ಹೆಸರು ಇನ್ನಷ್ಟು ಏರಿತು.

ಮನೆಯವರು ನನ್ನ ಚಳಿಗೆ ನಗುವುದು ನಿಂತದ್ದು ಹೋಳಿ ಹುಣ್ಣಿಮೆ ಕಳೆದ ನಾಲ್ಕೈದು ದಿನಕ್ಕೆ. ಮೂರು ಮರಿಗಳನ್ನು ಬುಟ್ಟಿಯ ಕೆಳಗೆ ಹಾಕಿ ಪಕ್ಕದಲ್ಲಿ ಕೂತಿದ್ದೆ. ನೆರಳು ಸರಿಯಿತು, ನಾನು ಸರಿಯಲಿಲ್ಲ. ಬಿಸಿಲು ಮೈಮೇಲೆ ಬಂದಾಗ ಬಹಳ ಹಿತವಾಯಿತು. ಎಷ್ಟೋ ತಿಂಗಳ ಮೇಲೆ ಕೈಕಾಲು ನನ್ನವು ಅನ್ನಿಸಿತು. ಮರಿಗಳಿಗೂ ಹಿತ ಎಂದುಕೊಂಡು ಅಲ್ಲೇ ಕಣ್ಣು ಮುಚ್ಚಿದೆ. ಸುಂಕಮ್ಮ ಹೊಲದಿಂದ ಬಂದು ಬುಟ್ಟಿ ಎತ್ತಿದಾಗ ಎರಡು ಮರಿ ಸತ್ತಿದ್ದವು. ಮೂರನೆಯದರ ಮೇಲೆ ನೀರು ಚಿಮುಕಿಸಿ ಬದುಕಿಸಿದಳು. ಅದು ಕರಿಕಿವಿ ಎಂಬ ಕುರಿಯ ಮರಿ. ಸಂಜೆ ಮಂದೆ ಬಂದಾಗ ನಾನು ಕರಿಕಿವಿಯನ್ನು ಕೂಗಿದೆ. ಅದು ಕಿವಿ ನಿಮಿರಿಸಿ ನಮ್ಮಾತನ ಮುಖ ನೋಡಿತು. ಕೂಗು ಆತನದು ಎಂದುಕೊಂಡಿತ್ತು. ಇನ್ನೊಮ್ಮೆ ಕೂಗಿದೆ. ಇನ್ನೊಮ್ಮೆ ಆತನ ಮುಖವನ್ನೇ ನೋಡಿತು.

ಸತ್ತ ಎರಡನ್ನೂ ನಮ್ಮಾತ ಗೋಣಿಯಲ್ಲಿ ಹಾಕಿಕೊಂಡು ಹೂಳಲು ಹೋದ. 

ಎರಡು ದಿನಕ್ಕೆ ಪೆದ್ದಕಡುಬೂರಿನಿಂದ ನನ್ನ ಮೈದುನ ಬಂದ. ತೆಲುಗು ಮನೆಯ ಹೆಣ್ಣನ್ನು ಮದುವೆಯಾದವನು, ನನ್ನನ್ನು ವದಿನಾ ಎನ್ನುತ್ತಾನೆ, ಅಂದರೆ ಅತ್ತಿಗೆ. ಅವನ ಮನೆಯಲ್ಲಿ ಗಟ್ಟಿಮುಟ್ಟಾದ ಇಬ್ಬರು ಸೊಸೆಯರು ಇದ್ದಾರೆ. ಅಣ್ಣತಮ್ಮ ಇಬ್ಬರೂ ನನ್ನ ಪಕ್ಕದಲ್ಲೇ ಕೂತು ಮಾತಾಡಿದರು, ನಾನು ಮಲಗಿದ್ದೇನೆ ಎಂದುಕೊಂಡು.

“ಬಿಸಿಲು ಯಾವುದು ನೆರಳು ಯಾವುದು ಗೊತ್ತಾಗದಾಕಿ ಕೈಯಾಗ ಮರಿ ಹೆಂಗ ಬಿಡ್ತೀ ಅಣ್ಣಾ,” ಎಂದ ಮೈದುನ. “ಹೆಣ್ಣುಕುರಿ ಎಲ್ಲಾ ನನಗ ಪಾಲಿಗೆ ಕೊಡು. ಹುಟ್ಟಿದ್ದರಾಗ ಅರ್ಧ ನಿಂದು, ಅರ್ಧ ನಂದು. ಸುಂಕಮ್ಮ ಒಬ್ಬಾಕಿ ಹೊಲ ನೋಡ್ತಾಳೋ, ಮರಿ ನೋಡ್ತಾಳೋ, ವದಿನಾನ ನೋಡ್ತಾಳೋ?”

ನಮ್ಮಾತ, “ದೀಪಾವಳಿ ತನಕ ತಡಿ,” ಎಂದ. “ಮುಂದಿನ ಮರಿ ದೀಪಾವಳಿ ಆದಮ್ಯಾಗ ಬೀಳ್ತಾವ. ಅಷ್ಟರಾಗ ಇಕಿ ಎದ್ದಳೋ ಸರಿ. ಇಲ್ಲಾಂದ್ರ ಬಂದು ಹೊಡಕೊಂಡು ಹೋಗು.”

ನಾನು ಮಲಗಿರಲಿಲ್ಲ. ಕಣ್ಣು ಮುಚ್ಚಿದ್ದೆ, ಅಷ್ಟೇ. ಕುರಿ ಹೋದರೆ ನನಗೆ ಉಳಿಯುವ ಕೆಲಸ ಲಚ್ಚಮ್ಮನ ಒಲೆ ನೋಡುವುದು ಎಂದು ಅಲ್ಲೇ ತಿಳಿಯಿತು.

ಮೈದುನ ಹೋದ ಮೇಲೆ ನಮ್ಮಾತ ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತ. ನಮ್ಮ ಮನೆಯಲ್ಲಿ ಯಾರಿಗೆ ಜಡ್ಡಾದರೂ ಮೊದಲು ಆತನೇ ನೋಡುವುದು, ಕುರಿ ನೋಡಿದ ಹಾಗೆಯೇ. ಕಣ್ಣಿನ ರೆಪ್ಪೆ ಎಳೆದು ನೋಡಿದ. ನಾಲಿಗೆ ನೋಡಿದ. ಎರಡೂ ಕಿವಿ ಹಿಡಿದು ನೋಡಿ, “ಕಿವಿ ತಣ್ಣಗದಾವ,” ಎಂದ. “ಕಿವಿ ತಣ್ಣಗಾದ ಜೀವ ಸುಳ್ಳು ಹೇಳಂಗಿಲ್ಲ. ಬಳ್ಳಾರಿಗೆ ಹೋಗೂಣು.”

ಯುಗಾದಿ ಮುಗಿಸಿ ಹೊರಟೆವು. ಗುಂತಕಲ್ಲಿನಲ್ಲಿ ರೈಲು ಬದಲಿಸಬೇಕು. ಅದಕ್ಕೆ ಸ್ವಲ್ಪ ಮುಂಚೆ ಮದ್ರಾಸು ಒಡೆದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತ್ತು, ನಾವು ಆಂಧ್ರಕ್ಕೆ. ನಮ್ಮಾತನಿಗೆ ದಾರಿಯುದ್ದಕ್ಕೂ ಅದೇ ಚಿಂತೆ. ಆಸ್ಪತ್ರೆಯ ಸಾಲಿನಲ್ಲಿ ಮುಂದೆ ನಿಂತವನನ್ನು ಕೇಳಿಯೇಬಿಟ್ಟ, “ಬ್ಯಾರೆ ರಾಜ್ಯದವರ ಜಡ್ಡು ಇಲ್ಲಿ ನೋಡ್ತಾರೇನಪಾ?”

“ನಾ ರಾಯದುರ್ಗದವ,” ಎಂದ ಅವನು. “ಮೂರು ಸಲ ಬಂದೀನಿ. ಯಾರೂ ರಾಜ್ಯ ಕೇಳಿಲ್ಲ. ನಾಲಿಗಿ ತಗಿ ಅಂತಾರ, ಅಷ್ಟ.”

ಹೆಂಗಸರ ಕಡೆಯ ಜಗಲಿಯಲ್ಲಿ ಎಲ್ಲರೂ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ಬಿಸಿಲು ಬೀಳುವ ಮೂಲೆಯಲ್ಲಿ ಯಾರೂ ಇರಲಿಲ್ಲ, ಒಬ್ಬಳನ್ನು ಬಿಟ್ಟು. ನನ್ನಷ್ಟೇ ವಯಸ್ಸು, ನನ್ನ ಹಾಗೆಯೇ ಹುಣ್ಣಿಮೆ ಮುಖ. ಎರಡು ದುಪ್ಪಟಿ ಹೊದ್ದಿದ್ದಳು. ನಾನು ಕಂಬಳಿಯಲ್ಲಿ ಹೋಗಿ ಪಕ್ಕದಲ್ಲಿ ಕೂತೆ. ಅವಳು ನನ್ನ ಕಂಬಳಿ ನೋಡಿದಳು, ನಾನು ಅವಳ ದುಪ್ಪಟಿ ನೋಡಿದೆ.

“ನಿಮಗೂ ಚಳಿಯೇನ್ರಿ?” ಎಂದಳು. ದನಿ ಗಂಡಸರದು.

“ಹೂಂ,” ಎಂದೆ. ನನ್ನದೂ ಅದೇ.

ನಾವಿಬ್ಬರೂ ಹತ್ತಿರ ಸರಿದು ಕೂತೆವು. ಆ ವರ್ಷದಲ್ಲಿ ನಾನು ಚಳಿ ಎಂದಾಗ ನಗದವಳು ಅವಳೊಬ್ಬಳೇ. ಆಲೂರಿನ ಕಡೆಯವಳು ಎಂದಳು. ಅಷ್ಟರಲ್ಲಿ ನನ್ನನ್ನು ಒಳಗೆ ಕರೆದರು, ಹೆಸರು ಕೇಳಲು ಆಗಲಿಲ್ಲ. ಇದನ್ನು ಬರೆಯಲು ಕೂತದ್ದು ಅರ್ಧ ಅವಳಿಗಾಗಿ. ಇನ್ನರ್ಧ, ಈಗಲೂ ಎಲ್ಲೋ ಬೇಸಿಗೆಯಲ್ಲಿ ದುಪ್ಪಟಿ ಹೊದ್ದು ಬೈಸಿಕೊಳ್ಳುತ್ತಿರುವವರಿಗೆ.

ಡಾಕ್ಟರಮ್ಮ ಸಣ್ಣ ವಯಸ್ಸಿನವರು. ನನ್ನನ್ನು ಏನು ಕೇಳಿದರೂ ನಾನು ಬಾಯಿ ತೆರೆಯುವಷ್ಟರಲ್ಲಿ ನಮ್ಮಾತ ಉತ್ತರ ಕೊಟ್ಟ. ಆತನ ತಪ್ಪಲ್ಲ, ನನ್ನ ಬಾಯಿ ಆಗ ಅಷ್ಟು ನಿಧಾನ.

“ಊಟ ಹೇಗೆ ಮಾಡ್ತಾರೆ?”

“ಮೇವು ಕಮ್ಮಿ ಆಗೇತ್ರಿ. ಮೆಲುಕು ಹಾಕೋದೂ ನಿಧಾನ. ಹಿಕ್ಕಿ ನಾಲ್ಕು ದಿನಕ್ಕೊಮ್ಮಿ.”

ಹಿಕ್ಕಿ ಎಂದರೆ ಕುರಿಯ ಲದ್ದಿ. ನಾನು ನೆಲ ನೋಡಿದೆ. ಡಾಕ್ಟರಮ್ಮ ನಗಲಿಲ್ಲ, ಬರೆದುಕೊಂಡರು. “ಮತ್ತೇನು?” ಎಂದರು.

“ಉಣ್ಣಿ ಉದುರಾಕತ್ತೇತ್ರಿ,” ಎಂದು ನಮ್ಮಾತ ನನ್ನ ತಲೆಗೂದಲು ತೋರಿಸಿದ. “ಕಿವಿ ತಣ್ಣಗದಾವ.”

ಆಮೇಲೆ ಅವರು ನನ್ನನ್ನು ಎತ್ತರದ ಮೇಜಿನ ಮೇಲೆ ಮಂಡಿಯೂರಿಸಿ, ಹಿಮ್ಮಡಿಯ ಹತ್ತಿರ ಸಣ್ಣ ಸುತ್ತಿಗೆಯಿಂದ ತಟ್ಟಿದರು. ಪಾದ ಎಗರಿತು. ಎಗರಿದ್ದು ಅಲ್ಲೇ ಸ್ವಲ್ಪ ಹೊತ್ತು ಯೋಚನೆ ಮಾಡಿ ಆಮೇಲೆ ಇಳಿಯಿತು. ಡಾಕ್ಟರಮ್ಮನ ಮುಖ ಅರಳಿತು. ಇನ್ನಿಬ್ಬರು ಡಾಕ್ಟರರನ್ನು ಕರೆದು ತೋರಿಸಿದರು, ಅವರೂ ತಟ್ಟಿ ನೋಡಿ ಸಂತೋಷಪಟ್ಟರು. ಇಡೀ ವರ್ಷದಲ್ಲಿ ನಾನು ಮಾಡಿದ ಕೆಲಸದಲ್ಲಿ ಮೂರು ಜನ ಮೆಚ್ಚಿದ್ದು ಅದೊಂದೇ.

ಕೊರಳೊಳಗೆ ಒಂದು ಸಣ್ಣ ಗಂಟು ಇರುತ್ತದಂತೆ. ನನ್ನದು ಮಲಗಿಬಿಟ್ಟಿದೆಯಂತೆ. ಅದಕ್ಕೆ ಬಿಳಿ ಗುಳಿಗೆ. “ದಿನಾ ಬೆಳಿಗ್ಗೆ ಒಂದು. ಬದುಕಿರೋ ತನಕ. ಒಂದು ದಿನವೂ ಬಿಡಬಾರದು,” ಎಂದರು ಡಾಕ್ಟರಮ್ಮ. ಹೊರಗೆ ಬಂದಾಗ ನಮ್ಮಾತ ಎದೆ ಸೆಟೆಸಿ ನಡೆದ. ಕಿವಿಯ ಮಾತನ್ನು ಡಾಕ್ಟರಮ್ಮ ಬರೆದುಕೊಂಡದ್ದನ್ನು ಗುಂತಕಲ್ಲಿನವರೆಗೆ ಹೇಳಿದ.

ಗುಳಿಗೆ ನುಂಗಿ ಮೂರು ವಾರ ಏನೂ ಆಗಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ರೊಟ್ಟಿ ಬಡಿಯುತ್ತಿದ್ದೆ. ಹಣೆಯಿಂದ ಏನೋ ಇಳಿದು ಹಿಟ್ಟಿಗೆ ಬಿತ್ತು. ಮುಟ್ಟಿ ನೋಡಿದೆ.

“ಸುಂಕಮ್ಮಾ, ಬಾ ಇಲ್ಲಿ. ನೋಡು, ಬೆವರು.”

ಅವಳು ಬಂದು ನೋಡಿದಳು. ಲಚ್ಚಮ್ಮನನ್ನೂ ಕರೆದು ತೋರಿಸಿದೆ. ಹಿಟ್ಟಿನ ಕೈಯಲ್ಲಿ ಹಣೆ ಒರೆಸಿಕೊಳ್ಳದೆ ಸಂಜೆ ನಮ್ಮಾತ ಬರುವ ತನಕ ಹಾಗೇ ಇರಬೇಕು ಎಂದುಕೊಂಡೆ, ಆದರೆ ಇನ್ನಷ್ಟು ಬಂತು. ಆಮೇಲೆ ಬಳೆ ಸಡಿಲಾದವು. ಕಲ್ಲಿನ ಮೇಲೆ ಕೂರದೆ ಅಂಗಳ ಪೂರ್ತಿ ಗುಡಿಸಿದೆ. ಒಂದು ಬೆಳಿಗ್ಗೆ ಸುಂಕಮ್ಮ ಕೊಡ ತುಂಬ ತುಂಬಿಸಿ ಹೊಸ್ತಿಲ ಮೇಲೆ ನೀರು ಚೆಲ್ಲಿದ್ದಕ್ಕೆ ಅವಳ ತವರುಮನೆಯನ್ನೂ ಸೇರಿಸಿ ಬೈದೆ. ಅವಳು ಗಂಡನ ಹತ್ತಿರ ಹೋಗಿ, “ಅತ್ತಿಯವರಿಗೆ ಗುಣ ಆಗೇತಿ,” ಎಂದದ್ದು ನನಗೆ ಕೇಳಿಸಿತು.

ಆಷಾಢದಲ್ಲಿ ಗುಳಿಗೆ ತರಲು ನಾನೇ ಆದೋನಿಗೆ ಹೋದೆ. ಔಷಧಿ ಅಂಗಡಿಯ ಕಾಂಪೌಂಡರ್ ಸಾಯಬ ಬಾಟಲಿ ಕೈಗೆ ಕೊಡುತ್ತಾ, “ಅಮ್ಮಾ, ಈ ದವಾ ಯಾತರಿಂದ ಮಾಡ್ತಾರ ಗೊತ್ತೈತಾ? ಕುರಿ ಗಂಟಲಿಂದ,” ಎಂದ. ನಾನು ನಗುತ್ತಾ ಮನೆಗೆ ಬಂದೆ. ಇಷ್ಟು ವರ್ಷ ನಾನು ಕುರಿ ಸಾಕಿದೆ, ಈಗ ಕುರಿ ನನ್ನನ್ನು ಸಾಕುತ್ತಿದೆ ಎಂದು ಎಲ್ಲರಿಗೂ ಹೇಳಿದೆ.

ಆಮೇಲೆ ಶ್ರಾವಣ ಬಂತು.

ಶ್ರಾವಣದಲ್ಲಿ ನಮ್ಮ ಮನೆಯಲ್ಲಿ ಮಾಂಸ ಮುಟ್ಟುವುದಿಲ್ಲ. ನಮ್ಮ ಮನೆದೇವರು ಉರುಕುಂದ ಈರಣ್ಣನ ನಡೆ ಅದು, ನಮ್ಮ ಮಾವನ ಕಾಲದಿಂದ ತಪ್ಪಿಲ್ಲ. ಮಾಂಸದ ಗಡಿಗೆಗಳನ್ನು ಬೋರಲು ಹಾಕಿ ಹಿತ್ತಲಿಗೆ ಇಡುತ್ತೇವೆ, ಒಲೆ ಸಾರಿಸಿ ಹೊಸ ಗಡಿಗೆ ಏರಿಸುತ್ತೇವೆ. ಮೊದಲನೆಯ ದಿನ ಮಿಂದು ಬಂದು ಗುಳಿಗೆಯ ಬಾಟಲಿಗೆ ಕೈ ಹಾಕಿದೆ. ಕೈ ಅಲ್ಲೇ ನಿಂತಿತು. ಕುರಿಯ ಗಂಟಲು. ಡಾಕ್ಟರಮ್ಮ ಒಂದು ದಿನವೂ ಬಿಡಬಾರದು ಎಂದಿದ್ದರು. ನಿಜ. ಆದರೆ ಅವರು ಹೇಳಿದ್ದು ಮನುಷ್ಯರ ದಿನದ ಮಾತು, ಶ್ರಾವಣ ದೇವರ ತಿಂಗಳು ಎಂದು ನನಗೆ ನಾನೇ ಹೇಳಿಕೊಂಡೆ. ಬಾಟಲಿಯನ್ನು ಒಯ್ದು ಹಿತ್ತಲಿನ ಬೋರಲು ಗಡಿಗೆಯ ಕೆಳಗೆ ಇಟ್ಟೆ. ಮಾಂಸದ ಜೊತೆ ಮಾಂಸ. ಯಾರಿಗೂ ಹೇಳಲಿಲ್ಲ.

ಮೊದಲ ವಾರ ಚೆನ್ನಾಗಿದ್ದೆ. ನೋಡಿದೆಯಾ ಈರಣ್ಣನ ಮಹಿಮೆ ಎಂದುಕೊಂಡೆ. ಎರಡನೆಯ ವಾರ ಕೋಳಿ ಕೂಗಿದ ಮೇಲೆ ಎದ್ದೆ. ಮೂರನೆಯ ವಾರ ಲಚ್ಚಮ್ಮನ ಒಲೆ ಕಂಡಿತು. ಮಳೆ ಬಂದು ಹವೆ ತಂಪಾಗಿದೆ ಎಂದು ಹೇಳಿ ಕಂಬಳಿ ಇಳಿಸಿಕೊಂಡೆ. ಆ ಕಂಬಳಿ ನೋಡಿದ ಸುಂಕಮ್ಮ ಮನೆಯೆಲ್ಲ ಹುಡುಕಿದಳು. ಹಿತ್ತಲಿನಿಂದ ಬಾಟಲಿ ಹಿಡಿದುಕೊಂಡು ಬಂದಳು.

“ಅತ್ತೀ, ಇದು ಮಾಂಸದ ಗಡಿಗಿ ಬುಡಕ್ಕ ಹೆಂಗ ಹೋತು?”

“ಕುರಿದು ಐತಿ ಅದು. ಶ್ರಾವಣದಾಗ ನುಂಗಂಗಿಲ್ಲ,” ಎಂದೆ. ದನಿ ಆಗಲೇ ನಮ್ಮಾತನದಾಗಿತ್ತು.

“ಎಷ್ಟು ದಿನ ಆತು?”

“ಈರಣ್ಣನ ತಿಂಗಳು, ಈರಣ್ಣ ನೋಡಿಕೊಳ್ತಾನ.”

“ದೀಪಾವಳಿಗೆ ಸಣ್ಣಮಾವ ಬಂದು ಕುರಿ ಹೊಡಕೊಂಡು ಹೋಗ್ತಾನ. ಅದನ್ನೂ ಈರಣ್ಣ ನೋಡಿಕೊಳ್ತಾನೇನು?”

ನಾನು ಕಂಬಳಿಯನ್ನು ಇನ್ನಷ್ಟು ಎಳೆದುಕೊಂಡೆ. ಸುಂಕಮ್ಮ ಅದರ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಎತ್ತಿದಳು.

“ಇದು ಯಾತರದು?”

“ಕಂಬಳಿ.”

“ಯಾತರಿಂದ ನೇಯ್ದಾರ ಅಂತ ಕೇಳಿದೆ.”

ನಾನು ಅಂಚನ್ನು ಅವಳ ಕೈಯಿಂದ ಬಿಡಿಸಿಕೊಂಡೆ.

“ಮೈತುಂಬ ಕುರಿ ಹೊದ್ದುಕೊಂಡು ಕುಂತು, ಅವರೆಕಾಳಿನಷ್ಟು ಕುರಿ ನುಂಗಿದರ ದೇವರು ಸಿಟ್ಟಿಗೇಳ್ತಾನ ಅಂತೀರಲ್ಲ ಅತ್ತೀ. ಹೊರಗಿಂದು ನಡೀತೈತಿ, ಒಳಗಿಂದು ನಡೆಯಂಗಿಲ್ಲೇನು?”

ಮದುವೆಯಾದ ಮೇಲೆ ನನ್ನ ಬಾಯಿ ಕಟ್ಟಿದ್ದು ಎರಡೇ ಸಲ. ಒಮ್ಮೆ ರೋಗದಿಂದ, ಒಮ್ಮೆ ಸುಂಕಮ್ಮನಿಂದ. ಹೊದೆಯುವುದು ಬೇರೆ, ತಿನ್ನುವುದು ಬೇರೆ ಎಂಬ ಉತ್ತರ ಮಾರನೆಯ ದಿನ ಹೊಳೆಯಿತು. ಅಷ್ಟರಲ್ಲಿ ತಡವಾಗಿತ್ತು.

ಆದರೂ ಸುಮ್ಮನೆ ನುಂಗಲು ಭಯವಾಯಿತು. ನಾನು ಭಯಪಡುವವಳಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ದೇವರ ಗೂಡಿನ ಮುಂದೆ ಬಾಟಲಿ ಇಟ್ಟು ಒಂದು ಗುಳಿಗೆ ಅಂಗೈಯಲ್ಲಿ ಹಿಡಿದೆ. “ಈರಣ್ಣಾ,” ಎಂದೆ, “ಇದಕ್ಕ ಉಪ್ಪಿಲ್ಲ, ಖಾರ ಇಲ್ಲ, ಎಣ್ಣಿ ಇಲ್ಲ. ನುಂಗಿದರ ಸುಖ ಇಲ್ಲ. ಇದನ್ನ ಊಟ ಅಂತ ನೀ ತಿಳಕೊಂಡರ ನಿನಗ ಅಡಿಗಿ ಗೊತ್ತಿಲ್ಲ ಅಂತ ನಾ ತಿಳಕೊಳ್ತೀನಿ.” ನುಂಗಿದೆ. ನೀರು ಕುಡಿದು ಸ್ವಲ್ಪ ಹೊತ್ತು ಕಾದೆ. ಏನೂ ಆಗಲಿಲ್ಲ. ಅಂದಿನಿಂದ ದಿನವೂ ಗೂಡಿನ ಮುಂದೆಯೇ ನುಂಗುತ್ತೇನೆ. ಬಾಟಲಿಗೆ ಸುಂಕಮ್ಮ ಕುಂಕುಮ ಹಚ್ಚಿದ್ದಾಳೆ.

ಬಿಟ್ಟ ಮೂರು ವಾರ ಸುಮ್ಮನೆ ಹೋಗಲಿಲ್ಲ. ದಸರೆಗೆ ಇನ್ನೂ ಕಂಬಳಿಯಲ್ಲೇ ಇದ್ದೆ. ದಿನ ಎಣಿಸುತ್ತಿದ್ದೆ. ಬಳೆ ಸಡಿಲಾಯಿತು, ಕಾಲಿನ ಬಾವು ಇಳಿಯಿತು, ಆದರೆ ದನಿ ಮಾತ್ರ ಹಠ ಹಿಡಿದು ಕೆಳಗೇ ಕೂತಿತ್ತು. ಹಿತ್ತಲಿಗೆ ಹೋಗಿ ಯಾರಿಗೂ ಕೇಳದ ಹಾಗೆ ಕರಿಕಿವಿಯ ಹೆಸರು ಕೂಗಿ ನೋಡುತ್ತಿದ್ದೆ. ಲಚ್ಚಮ್ಮನಿಗೆ ಕೇಳುತ್ತಿತ್ತು ಎಂದು ಆಮೇಲೆ ಗೊತ್ತಾಯಿತು.

ದೀಪಾವಳಿಯ ಪಾಡ್ಯ ಕಳೆದು ಮೂರನೆಯ ದಿನ ಮೈದುನ ಬಂದ. ಒಬ್ಬನೇ ಬರಲಿಲ್ಲ, ಕುರಿ ತಿರುವಲು ತನ್ನ ನಾಯಿಯನ್ನೂ ತಂದಿದ್ದ. ಕಟ್ಟೆಯ ಮೇಲೆ, ನನ್ನದೇ ಕಲ್ಲಿನ ಮೇಲೆ ಕೂತ. ಮರಿ ಬೀಳುವುದು ಆಗಷ್ಟೇ ಶುರುವಾಗಿತ್ತು. ಕರಿಕಿವಿ ಎಲ್ಲಕ್ಕಿಂತ ಮೊದಲು ಹಾಕಿತ್ತು, ಎರಡು ದಿನದ ಮರಿ ನನ್ನ ಬುಟ್ಟಿಯ ಕೆಳಗಿತ್ತು. ಅಂದು ಬುಟ್ಟಿಯನ್ನು ನೆರಳಿನ ಜೊತೆ ಎಷ್ಟು ಸಲ ಸರಿಸಿದೆನೋ ನನಗೇ ಗೊತ್ತು.

ಸಂಜೆ ಮಂದೆ ಬಂತು. ಧೂಳಿನಲ್ಲಿ ಎಲ್ಲ ಕುರಿಯೂ ಒಂದೇ ಥರ ಕಾಣುತ್ತಿತ್ತು. ನಮ್ಮಾತ ಬಾಗಿಲಲ್ಲಿ ನಿಂತು, “ಕೂಗು,” ಎಂದ. ಅಷ್ಟೇ ಹೇಳಿ, ಆತ ಹಟ್ಟಿಯ ಹಿಂದೆ ಹೋಗಿ ಮರೆಯಾದ. ಯಾಕೆ ಹೋದ ಎಂದು ಮೈದುನನಿಗೆ ತಿಳಿಯಲಿಲ್ಲ. ನನಗೆ ತಿಳಿಯಿತು. ಕುರಿ ನೋಡಲು ಆತನ ಮುಖ ಅಲ್ಲಿರಬಾರದು.

ಕೂಗಿದೆ. ದನಿ ಅರ್ಧ ನನ್ನದು, ಅರ್ಧ ಆತನದು ಬಂತು. ಮಂದೆಯಲ್ಲಿ ಒಂದು ಕಪ್ಪು ಕಿವಿ ಎದ್ದಿತು, ಆಚೆ ಈಚೆ ನೋಡಿತು. ಮೈದುನ ಎದ್ದು ನಿಂತ. ನಾನು ಗಂಟಲು ಕ್ಯಾಕರಿಸಿ, ಸುಂಕಮ್ಮನ ಮೇಲೆ ಸಿಟ್ಟು ಬಂದಾಗ ಕೂಗುವ ಹಾಗೆ ಕೂಗಿದೆ. ಒಳಗಿನಿಂದ ಸುಂಕಮ್ಮ “ಬಂದೆ ಅತ್ತೀ” ಎಂದಳು. ಕರಿಕಿವಿಯೂ ಬಂತು. ಇಪ್ಪತ್ತು ಕುರಿಗಳ ನಡುವೆ ನುಗ್ಗಿ, ಮೈದುನನ ನಾಯಿಯನ್ನು ಹಾಯ್ದು ಬದಿಗೆ ತಳ್ಳಿ, ನೇರ ನನ್ನ ಮಂಡಿಗೆ ಬಂದು ಮೂತಿ ಒರೆಸಿತು. ನಾನು ಬುಟ್ಟಿ ಎತ್ತಿದೆ.

ನಮ್ಮಾತ ಹಟ್ಟಿಯ ಹಿಂದಿನಿಂದ ಬಂದು ನನ್ನ ಹತ್ತಿರ ನಿಂತ. ಹೊಗಳುತ್ತಾನೇನೋ ಎಂದುಕೊಂಡೆ. ಆತ ನನ್ನ ಕಿವಿ ಹಿಡಿದು ನೋಡಿ, “ಬೆಚ್ಚಗದಾವ,” ಎಂದು ತಮ್ಮನಿಗೆ ಹೇಳಿದ. ವ್ಯವಹಾರ ಅಲ್ಲಿಗೆ ಮುಗಿಯಿತು.

ಮೈದುನ ಊಟ ಮಾಡಿ ಹೊರಟ. ಸಂಜೆ ಗಾಳಿ ತಣ್ಣಗೆ ಬೀಸುತ್ತಿತ್ತು, ಅವನು ಬರೀ ಅಂಗಿಯಲ್ಲಿ ಬಂದಿದ್ದ. ಪೆದ್ದಕಡುಬೂರಿಗೆ ನಡೆಯಬೇಕು. ಭುಜ ಮುದುಡಿಕೊಂಡು, “ಚಳಿ ಬಿದ್ದೇತಿ ವದಿನಾ. ಕುರಿ ಒಯ್ಯಾಕ ಬಂದೆ, ಬರಿಗೈಲೇ ಹೊಂಟೆ,” ಎಂದ.

ನಾನು ಒಳಗೆ ಹೋಗಿ ಕಂಬಳಿ ತಂದು ಅವನ ಹೆಗಲ ಮೇಲೆ ಹಾಕಿದೆ.

“ಒಯ್ಯಪ್ಪಾ,” ಎಂದೆ. “ಇದೂ ಕುರಿನೇ. ಪಾಲು ಕೊಡೋದು ಬ್ಯಾಡ.”